ಕಾಲು ಚಾಚುವ ಗೂಡು

ಆರೂವರೆ ಅಡಿಯ ಹಾಸಿಗೆ, ಮೂರೂಮುಕ್ಕಾಲು ಅಡಿಯ ಸ್ಥಳ

ದೂರದೇಶಗಳಿಗೆ ಹಾರುವ ವಿಮಾನಗಳ ಬಿಸಿನೆಸ್ ಕ್ಲಾಸಿನ ಜಾಹೀರಾತನ್ನು ಕಾಣದವರು ಈಗ ವಿರಳ. ಬಿಳಿಯ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡು, ನೀಳವಾಗಿ ಮೈಚಾಚಿ, ತುಟಿಯಂಚಿನಲ್ಲಿ ಕಿರುನಗೆಯನ್ನಿಟ್ಟುಕೊಂಡು ನಿದ್ರಿಸುತ್ತಿರುವ ಆ ಪ್ರಯಾಣಿಕನನ್ನು ನೋಡಿದೊಡನೆ ಸಾಮಾನ್ಯನಿಗೆ ಹೊಳೆಯುವುದು ಟಿಕೆಟ್ಟಿನ ಬೆಲೆ. ಬೆಲೆಯ ಮಾತು ಹಾಗಿರಲಿ. ಆ ಚಿತ್ರದಲ್ಲಿ ಅಡಗಿರುವ ಸೋಜಿಗ ಅಳತೆಗೆ ಸಂಬಂಧಿಸಿದುದು. ಇಂದಿನ ಬಹುಪಾಲು ವಿಮಾನಗಳಲ್ಲಿ ಈ ವರ್ಗದ ಹಾಸಿಗೆಯ ಉದ್ದ 76ರಿಂದ 80 ಅಂಗುಲ, ಎಂದರೆ ಸುಮಾರು ಆರೂವರೆ ಅಡಿ. ಒಂದು ಆಸನದ ಯಾವುದಾದರೊಂದು ಬಿಂದುವಿನಿಂದ ಮುಂದಿನ ಸಾಲಿನ ಆಸನದ ಅದೇ ಬಿಂದುವಿಗಿರುವ ದೂರವನ್ನು ವಿಮಾನದವರು ಪಿಚ್ ಎನ್ನುತ್ತಾರೆ, ನಾವು ಸಾಲಂತರವೆನ್ನೋಣ. ಈ ಸಾಲಂತರವನ್ನು ಅಳೆದರೆ ಹಲವು ವಿನ್ಯಾಸಗಳಲ್ಲಿ ಅದು 42ರಿಂದ 45 ಅಂಗುಲಗಳಷ್ಟೇ ಇರುತ್ತದೆ. ಮೂರೂಮುಕ್ಕಾಲು ಅಡಿಯ ಎಡೆಯಲ್ಲಿ ಆರೂವರೆ ಅಡಿಯ ಹಾಸಿಗೆ! ಹಾಸಿಗೆಯಿದ್ದಷ್ಟು ಕಾಲು ಚಾಚೆಂದು ನಮ್ಮ ಹಿರಿಯರು ಬುದ್ಧಿ ಹೇಳಿದರೆ, ಇಲ್ಲಿ ಯಾರೋ ಕಾಲಿಗೆ ಬೇಕಾದಷ್ಟು ಹಾಸಿಗೆಯನ್ನು ಇಲ್ಲದ ಸ್ಥಳದಲ್ಲಿ ಹಾಸಿಬಿಟ್ಟಿದ್ದಾರೆ. ಉಳಿದ ಸುಮಾರು ಮೂರಡಿಯನ್ನು ಅವರು ಎಲ್ಲಿಂದ ಕಡ ತಂದರು?

ಇದರ ಉತ್ತರವನ್ನರಿತವನಿಗೆ, ಒಂದೇ ಕೋಣೆಯಲ್ಲಿ ಒಂದೇ ಬೆಲೆಗೆ ದೊರೆಯುವ ಎರಡು ಆಸನಗಳ ಪೈಕಿ ಒಂದು ಸುಖನಿದ್ರೆಯನ್ನೂ ಮತ್ತೊಂದು ರಾತ್ರಿಯಿಡೀ ಹೊರಳಾಟವನ್ನೂ ಕೊಡುವುದೇತಕ್ಕೆಂಬುದೂ ತಾನಾಗಿ ತಿಳಿಯುತ್ತದೆ. ಕನ್ನಡಿಗರಿಗೆ ಇದು ಹೊರಗಿನ ಮಾತೇನಲ್ಲ. 2021ರ ಜನವರಿಯಲ್ಲಿ ಸಾನ್ ಫ್ರಾನ್ಸಿಸ್ಕೋವಿನಿಂದ ಹೊರಟ ಏರ್ ಇಂಡಿಯಾ ವಿಮಾನವೊಂದು, ಮಹಿಳೆಯರೇ ನಡೆಸಿದ ಹಾರಾಟವದು, ಉತ್ತರಧ್ರುವದ ಮಾರ್ಗವಾಗಿ ಸುಮಾರು 14,000 ಕಿಲೋಮೀಟರುಗಳನ್ನು ಎಲ್ಲಿಯೂ ಇಳಿಯದೆ ಕ್ರಮಿಸಿ ಬೆಂಗಳೂರನ್ನು ಮುಟ್ಟಿತು. ಸಿಂಗಾಪುರದಿಂದ ನ್ಯೂಯಾರ್ಕಿಗೆ ಹೋಗುವ ವಿಮಾನವಂತೂ 18 ಗಂಟೆಗಳಿಗೂ ಮಿಗಿಲಾಗಿ ಆಕಾಶದಲ್ಲಿಯೇ ಇರುತ್ತದೆ. ಅಷ್ಟು ಹೊತ್ತನ್ನು ಕಳೆಯುವಾಗ ಊಟದ ರುಚಿ, ತೆರೆಯ ಅಗಲ, ಚರ್ಮದ ಹೊದಿಕೆಯ ಬಣ್ಣ ಇವೆಲ್ಲ ಮೊದಲ ಎರಡು ಗಂಟೆಗಳ ಸಂಗತಿಗಳು. ಉಳಿದ ಹೊತ್ತೆಲ್ಲ ನಿದ್ರೆಯದೇ ಪ್ರಶ್ನೆ.

ನಿದ್ರಿಸುವ ದೇಹವೆಂಬ ಹೊರೆ

ಎಚ್ಚರವಿರುವಾಗ ನಾವು ಕುಳಿತಿದ್ದೇವೆಂದು ಹೇಳುವುದು ವಾಡಿಕೆಯಾದರೂ, ವಾಸ್ತವವಾಗಿ ನಮ್ಮನ್ನು ಕುಳ್ಳಿರಿಸಿರುವುದು ಕತ್ತು, ಬೆನ್ನು, ಸೊಂಟಗಳ ಸ್ನಾಯುಗಳು ನಮ್ಮ ಅರಿವಿಗೆ ಬಾರದಂತೆ ಎಡೆಬಿಡದೆ ನಡೆಸುವ ದುಡಿಮೆ. ಐದು ಕಿಲೋಗ್ರಾಮಿನಷ್ಟು ತೂಗುವ ತಲೆಯನ್ನು ಕತ್ತೆಂಬ ತೆಳುಕಂಬದ ಮೇಲೆ ನಿಲ್ಲಿಸಿಕೊಂಡಿರುವುದು ಸಾಮಾನ್ಯ ಕೆಲಸವೇನಲ್ಲ. ನಿದ್ರೆ ಆವರಿಸುತ್ತಿದ್ದಂತೆ ಈ ಸ್ನಾಯುಗಳ ಬಿಗಿ ಸಡಿಲುತ್ತದೆ. ಕನಸು ಕಾಣುವ ಘಟ್ಟದಲ್ಲಂತೂ ಉಸಿರಾಟದ ಮತ್ತು ಕಣ್ಣಿನ ಸ್ನಾಯುಗಳನ್ನು ಬಿಟ್ಟರೆ ಮಿಕ್ಕವು ಹೆಚ್ಚುಕಡಮೆ ನಿಶ್ಚೇಷ್ಟಿತವಾಗಿಬಿಡುತ್ತವೆ. ಆಗ ದೇಹವು ತನ್ನನ್ನು ತಾನು ಹೊತ್ತುಕೊಳ್ಳಲಾರದ ಬರಿಯ ಹೊರೆ. ರಾತ್ರಿಯ ಬಸ್ಸಿನಲ್ಲಿ ಪಕ್ಕದವರ ಹೆಗಲ ಮೇಲೆ ತಲೆಯೊರಗಿ, ಬೆಚ್ಚಿ ಎದ್ದು, ಸಂಕೋಚದಿಂದ ನೆಟ್ಟಗಾದವರೆಲ್ಲರೂ ಈ ಶಾಸ್ತ್ರವನ್ನು ಪ್ರಯೋಗಪೂರ್ವಕವಾಗಿ ಬಲ್ಲರು.

ಹಾಗಾದರೆ ಎಷ್ಟು ಒರಗಿದರೆ ನಿದ್ರೆಗೆ ಸಾಕು? ನಿಕೋಲ್ಸನ್ ಮತ್ತು ಸ್ಟೋನ್ ಎಂಬ ಇಬ್ಬರು ಸಂಶೋಧಕರು ಆಸನದ ಬೆನ್ನನ್ನು ಬೇರೆಬೇರೆ ಕೋನಗಳಲ್ಲಿರಿಸಿ ಮಲಗಿದವರ ನಿದ್ರೆಯನ್ನು ಅಳೆದು 1987ರಲ್ಲಿ ಪ್ರಕಟಿಸಿದ ಫಲಿತಾಂಶ ಕುತೂಹಲಕರವಾದುದು: ಬೆನ್ನು ನೆಟ್ಟನೆಯ ನಿಲುವಿನಿಂದ ಸುಮಾರು 40 ಡಿಗ್ರಿಗಳಷ್ಟು ಹಿಂದಕ್ಕೆ ವಾಲಿದರೆ, ನಿದ್ರೆಯ ಗುಣವು ಹಾಸಿಗೆಯ ನಿದ್ರೆಗೆ ಸಮೀಪಿಸುತ್ತದೆ. ಎಂದಮೇಲೆ ಪೂರ್ಣ ಸಮತಲವೇ ಬೇಕೆಂಬ ಹಟ ಏಕೆ? ಈ ಸಹಸ್ರಮಾನದ ಆರಂಭದಲ್ಲಿ ಹಲವು ಸಂಸ್ಥೆಗಳು ಹೀಗೆಯೇ ಯೋಚಿಸಿ, ತಲೆಯಿಂದ ಕಾಲಿನವರೆಗೆ ಹಲಗೆಯಷ್ಟು ನೇರವಾಗಿದ್ದರೂ ಕಾಲಿನ ಕಡೆಗೆ ಇಳಿಜಾರಾಗಿರುವ ಆಸನಗಳನ್ನು ತಂದುವು. ಅವುಗಳಲ್ಲಿ ಮಲಗಿದವರ ಪಾಡು ವಿಚಿತ್ರವಾಯಿತು. ಒರಗುಕುರ್ಚಿಯಲ್ಲಾದರೆ ಕುಳಿತ ಭಾಗದ ತಗ್ಗು ದೇಹವನ್ನು ಹಿಡಿದು ನಿಲ್ಲಿಸುತ್ತದೆ. ನೇರವಾದ ಇಳಿಜಾರಿನಲ್ಲಿ ಅಂಥ ತಡೆಯಿಲ್ಲ. ಎಚ್ಚರವಿರುವತನಕ ಹಿಮ್ಮಡಿಯನ್ನೂರಿ ನಿಂತಿದ್ದ ದೇಹ, ಸ್ನಾಯು ಸಡಿಲಿದ ಕೂಡಲೇ ತನ್ನ ಭಾರದಿಂದ ತಾನೇ ಇಷ್ಟಿಷ್ಟಾಗಿ ಕೆಳಜಾರಿ, ಬಟ್ಟೆಯೆಲ್ಲ ಬೆನ್ನಿಗೆ ಮುದುಡಿ, ಮೊಣಕಾಲು ಮುಂದಿನ ಗೋಡೆಗೆ ತಾಗಿದಾಗ ಮಲಗಿದಾತ ಎಚ್ಚರಗೊಳ್ಳುತ್ತಿದ್ದನು. ಆ ಆಸನಗಳು ಹಳೆಯ ವಿಮಾನಗಳಲ್ಲಿ ಅಲ್ಲಲ್ಲಿ ಉಳಿದಿರಬಹುದು. ಕಂಡರೆ ದೂರವಿರುವುದೇ ಲೇಸು.

ಮದುವೆಮನೆಯ ಜಮಖಾನೆ

ಸಮತಲವೇ ಬೇಕೆಂದು ತೀರ್ಮಾನವಾಯಿತು. ಸ್ಥಳದ ಪ್ರಶ್ನೆ ಹಾಗೆಯೇ ಉಳಿಯಿತು. ಇದಕ್ಕೆ ಪರಿಹಾರವನ್ನು ನಮ್ಮ ಹಳ್ಳಿಗಳ ಮದುವೆಮನೆಗಳಲ್ಲಿ ಎಲ್ಲರೂ ಕಂಡಿದ್ದಾರೆ. ನಡುಮನೆಯಲ್ಲಿ ಒಂದೇ ಜಮಖಾನೆ. ಮಲಗತಕ್ಕವರು ಅದು ಹಿಡಿಸುವುದಕ್ಕಿಂತ ಹೆಚ್ಚು. ಎಲ್ಲರೂ ಒಂದೇ ದಿಕ್ಕಿಗೆ ತಲೆಯಿಟ್ಟರೆ ಹೆಗಲಿಗೆ ಹೆಗಲು ತಾಗಿ ಐದಾರು ಜನಕ್ಕೆ ಜಾಗ ಮುಗಿದುಹೋಗುತ್ತದೆ, ಆದರೆ ಕಾಲ್ಗಳ ಕಡೆಯಲ್ಲಿ ನಡುನಡುವೆ ಬೇಕಾದಷ್ಟು ಜಾಗ ವ್ಯರ್ಥವಾಗಿ ಬಿದ್ದಿರುತ್ತದೆ. ಆಗ ಮನೆಯ ಹಿರಿಯರೊಬ್ಬರು ಬಂದು, ಒಬ್ಬನನ್ನು ಬಿಟ್ಟು ಒಬ್ಬನನ್ನು ತಿರುಗಿ ಮಲಗಿರೆಂದು ಗದರಿಸುತ್ತಾರೆ; ಒಬ್ಬನ ಹೆಗಲಿನ ಪಕ್ಕಕ್ಕೆ ಇನ್ನೊಬ್ಬನ ಪಾದಗಳು ಬಂದು, ಅದೇ ಜಮಖಾನೆಯ ಮೇಲೆ ಮತ್ತಿಬ್ಬರಿಗೆ ಎಡೆಯಾಗುತ್ತದೆ.

ಮನುಷ್ಯದೇಹ ಒಂದು ಬೆಣೆ. ಹೆಗಲಿನಲ್ಲಿ ಒಂದೂವರೆ ಅಡಿಗೂ ಹೆಚ್ಚು ಅಗಲವಿದ್ದು ಪಾದಗಳ ಬಳಿ ಅದರ ಅರ್ಧಕ್ಕೆ ಇಳಿಯುತ್ತದೆ. ಆಯಾಕಾರದ ಹಾಸಿಗೆಯನ್ನು ಕೊಡುವುದೆಂದರೆ ಕಾಲಿನ ಕಡೆಯ ಎರಡೂ ಮೂಲೆಗಳನ್ನು ಹಾಳುಬಿಟ್ಟ ಹಾಗೆ. ಬಿಸಿನೆಸ್ ಕ್ಲಾಸಿನ ಆಸನಗಳ ಇಪ್ಪತ್ತೈದು ವರ್ಷಗಳ ಇತಿಹಾಸವೆಲ್ಲ ಆ ಎರಡು ಮೂಲೆಗಳನ್ನು ಮತ್ತೊಬ್ಬರಿಗೆ ಮಾರುವ ಉಪಾಯಗಳ ಇತಿಹಾಸವೆಂದರೆ ಅತಿಶಯೋಕ್ತಿಯಾಗಲಾರದು. ಮೊದಲು ಕೇಳಿದ ಆ ಮೂರಡಿಯನ್ನು ಕಡ ತಂದುದು ಮುಂದೆ ಕುಳಿತವನ ಪಕ್ಕದಿಂದ!

ನಾಲ್ಕು ಬಗೆಯ ಸಾಲುಗಳು

ಬ್ರಿಟಿಷ್ ಏರ್‌ವೇಸ್ 2000ದಲ್ಲಿ, ಲಂಡನ್ನಿನ ಟ್ಯಾಂಜರಿನ್ ಎಂಬ ವಿನ್ಯಾಸಕಾರರ ನೆರವಿನಿಂದ, ಬಿಸಿನೆಸ್ ಕ್ಲಾಸಿಗೆ ಪ್ರಪ್ರಥಮವಾಗಿ ಪೂರ್ಣ ಸಮತಲದ ಹಾಸಿಗೆಯನ್ನು ತಂದಾಗ ಮಾಡಿದುದು ಮದುವೆಮನೆಯ ಹಿರಿಯರು ಮಾಡಿದ್ದನ್ನೇ. ಒಬ್ಬನು ವಿಮಾನದ ಮೂತಿಯ ಕಡೆಗೂ ಪಕ್ಕದವನು ಬಾಲದ ಕಡೆಗೂ ಮುಖಮಾಡಿ ಕುಳಿತರು. ಅಡ್ಡಸಾಲಿಗೆ ಎಂಟು ಹಾಸಿಗೆಗಳು ಹಿಡಿಸಿದುವು. ಆದರೆ ಅಪರಿಚಿತನೊಬ್ಬನ ಮುಖವನ್ನೇ ನೋಡುತ್ತ ಆಕಾಶಕ್ಕೇರಬೇಕಾದ ಮುಜುಗರವೂ, ಕಿಟಕಿಯ ಬಳಿ ಮಲಗಿದವನು ನಡುರಾತ್ರಿಯಲ್ಲಿ ಏಳಬೇಕಾದರೆ ಪಕ್ಕದವನ ಕಾಲನ್ನು ದಾಟಬೇಕಾದ ಸಂಕಟವೂ ಜೊತೆಗೆ ಬಂದುವು.

ವರ್ಜಿನ್ ಅಟ್ಲಾಂಟಿಕ್ 2003ರಲ್ಲಿ ಬೇರೊಂದು ದಾರಿ ಹಿಡಿಯಿತು: ಆಸನಗಳನ್ನೆಲ್ಲ ಓರೆಯಾಗಿ ನಿಲ್ಲಿಸಿ, ಬೆನ್ನು ಕಿಟಕಿಯ ಕಡೆಗೆ, ಪಾದ ನಡೆದಾರಿಯ ಕಡೆಗೆ ಬರುವಂತೆ ಮಾಡಿತು. ಹೆರಿಂಗ್‌ಬೋನ್ ಎಂದು ಹೆಸರಾದ ಈ ಓರೆಸಾಲಿನಲ್ಲಿ ಎಲ್ಲರಿಗೂ ನಡೆದಾರಿ ದೊರೆಯಿತಾದರೂ, ಕಿಟಕಿ ಬೆನ್ನ ಹಿಂದಾಯಿತು, ಹಾದುಹೋಗುವವರ ಕಣ್ಣು ಮಲಗಿದವರ ಮೇಲಾಯಿತು. ಕೆಥೇ ಪೆಸಿಫಿಕ್ 2011ರಲ್ಲಿ ತಂದ ಆಸನಗಳಲ್ಲಿ ಇದೇ ಓರೆಯನ್ನು ತಿರುಗಿಸಿ, ಕಿಟಕಿಯ ಬದಿಯವರ ಮುಖವನ್ನೂ ಪಾದವನ್ನೂ ಕಿಟಕಿಯ ಕಡೆಗೆ ಹೊರಳಿಸಲಾಯಿತು. ಇದು ತಿರುವು ಓರೆಸಾಲು. ನಾಲ್ಕನೆಯದು ಇಂದು ವ್ಯಾಪಕವಾಗಿರುವ ಪಲ್ಲಟಸಾಲು, ಅಂದರೆ ಸ್ಟ್ಯಾಗರ್ಡ್ ಜೋಡಣೆ: ಇಲ್ಲಿ ಆಸನಗಳೆಲ್ಲ ನೇರವಾಗಿ ಮುಂದಕ್ಕೆ ನೋಡುತ್ತವೆ, ಪ್ರತಿಯೊಂದರ ಪಕ್ಕದಲ್ಲಿ ಒಂದು ಮೇಜು, ಒಂದು ಸಾಲಿನಲ್ಲಿ ಮೇಜು ಎಡಕ್ಕಿದ್ದರೆ ಮುಂದಿನ ಸಾಲಿನಲ್ಲಿ ಬಲಕ್ಕೆ. ಮಲಗಿದವನ ಕಾಲುಗಳು ಮುಂದಿನವನ ಮೇಜಿನ ಅಡಿಯ ಪೊಳ್ಳಿನೊಳಕ್ಕೆ ತೂರುತ್ತವೆ. ಮುಂದೆ ಕುಳಿತ ಮಹನೀಯರು ಮೊಣಕೈಯೂರಿ ಕಾಫಿ ಕುಡಿಯುತ್ತಿರುವ ಹಲಗೆಯ ಕೆಳಗೆ ನಮ್ಮ ಹೆಬ್ಬೆರಳು ವಿಶ್ರಮಿಸುತ್ತಿರುತ್ತದೆಂಬುದು ಇಬ್ಬರಿಗೂ ತಿಳಿಯದಿರುವುದೇ ಒಳ್ಳೆಯದು.

ಪಾದಗೂಡಿನ ಒಳಗು

ಫುಟ್‌ವೆಲ್ ಎಂಬ ಈ ಪೊಳ್ಳನ್ನು ಪಾದಗೂಡೆಂದು ಕರೆದು, ಅದರ ಮೇಲೆ ಸ್ವಲ್ಪ ಹೆಚ್ಚಾಗಿಯೇ ಕಾಲಹರಣ ಮಾಡುವುದು ಉಚಿತ. ಏಕೆಂದರೆ ಆಸನದ ಹಿತಾಹಿತವೆಲ್ಲ ಬಹುಮಟ್ಟಿಗೆ ಇಲ್ಲಿಯೇ ನಿರ್ಧಾರವಾಗುತ್ತದೆ. ಸಂಸ್ಥೆಗಳು ಹಾಸಿಗೆಯ ಉದ್ದವನ್ನು ಅಂಗುಲ ಬಿಡದೆ ಸಾರುತ್ತವೆ, ಗೂಡಿನ ಅಗಲವನ್ನು ಹೇಳುವುದು ಅಪರೂಪ.

ಅಂಗಾತ ಮಲಗಿದವನ ಪಾದಗಳು ಮೇಲ್ಮುಖವಾಗಿ ನಿಲ್ಲುವುದರಿಂದ ಅವನಿಗೆ ಬೇಕಾದದ್ದು ಗೂಡಿನ ಎತ್ತರ: ಹಾಸಿನಿಂದ ಮೇಲ್ಚಾವಣಿಗೆ ಅವನ ಪಾದದ ಉದ್ದಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟಿಲ್ಲದಿದ್ದರೆ ಪಾದಗಳು ಇಕ್ಕೆಲಕ್ಕೆ ಬಾಗಿ, ಹಿಮ್ಮಡಿ ತಿರುಚಿಕೊಂಡು ರಾತ್ರಿ ಕಳೆಯಬೇಕು. ಮಗ್ಗುಲಾಗಿ ಮಲಗುವವನ ಅಗತ್ಯ ಬೇರೆ. ಅವನ ಪಾದಗಳು ಒಂದರ ಮೇಲೊಂದು ಅಡ್ಡಬೀಳುವುದರಿಂದ ಅವನಿಗೆ ಅಗಲ ಬೇಕು. ಅದಕ್ಕಿಂತ ಮುಖ್ಯವಾಗಿ, ಮಗ್ಗುಲಾದವನು ಮೊಣಕಾಲನ್ನು ಮಡಿಸದೆ ಇರಲಾರನು. ಮಡಿಸಿದ ಮೊಣಕಾಲು ಹಾಸಿಗೆಯ ನಡುಭಾಗದಲ್ಲಿ ಒಂದು ಬದಿಗೆ ಚಾಚಿಕೊಳ್ಳುತ್ತದೆ, ಅದೇ ಹೊತ್ತಿಗೆ ಪಾದಗಳು ಗೂಡಿನೊಳಗಿನಿಂದ ಈಚೆಗೆ ಸರಿಯುತ್ತವೆ. ಗೂಡು ಆಳವಿಲ್ಲದೆ ಕಣಕಾಲಿನವರೆಗೆ ಮಾತ್ರ ಮುಚ್ಚುವಂತಿದ್ದರೆ ಇದಕ್ಕೆ ತೊಂದರೆಯಿಲ್ಲ. ಗೂಡು ಸುರಂಗದಷ್ಟು ಉದ್ದವಾಗಿ ಮೊಣಕಾಲನ್ನೂ ಒಳಗೆಳೆದುಕೊಂಡಿತೆನ್ನಿ. ಆಗ ಮಡಿಸಲು ಹೋದ ಮಂಡಿ ಗೋಡೆಗೆ ಬಡಿಯುತ್ತದೆ, ಹೊರಳಬೇಕಾದರೆ ದೇಹವನ್ನೆಲ್ಲ ಒಮ್ಮೆ ಹಿಂದಕ್ಕೆ ಜಗ್ಗಿ, ಕಾಲನ್ನು ಹೊರತೆಗೆದು, ತಿರುಗಿ, ಮತ್ತೆ ಒಳತೂರಿಸಬೇಕು. ಇಷ್ಟೆಲ್ಲ ನಡೆಯುವ ವೇಳೆಗೆ ನಿದ್ರೆ ಹಾರಿಹೋಗಿರುತ್ತದೆ. ಆರೋಗ್ಯವಂತನೊಬ್ಬ ರಾತ್ರಿಯಲ್ಲಿ ಹಲವಾರು ಬಾರಿ ತನಗರಿವಿಲ್ಲದೆ ಭಂಗಿಯನ್ನು ಬದಲಿಸುತ್ತಾನೆ. ಒಂದೇ ಕಡೆ ಒತ್ತಿದ ಚರ್ಮಕ್ಕೆ ರಕ್ತಸಂಚಾರ ಮರಳಲು ದೇಹವೇ ಹೂಡಿರುವ ಉಪಾಯವದು. ಈ ಹೊರಳುವಿಕೆಗೆ ಅಡ್ಡಿಬಂದರೆ ಮೆತ್ತೆ ಎಷ್ಟು ಮೃದುವಾಗಿದ್ದರೂ ಪ್ರಯೋಜನವಿಲ್ಲ.

ಆರಡಿಗೂ ಮೀರಿದ ನಿಲುವಿನವರಿಗೆ ಇನ್ನೊಂದು ತೊಡಕು. ಪ್ರಕಟಿತ ಉದ್ದವನ್ನು ಅಳೆದಿರುವುದು ಗೂಡಿನ ತುತ್ತತುದಿಯವರೆಗೆ, ಅಲ್ಲಿ ಗೂಡು ಅತ್ಯಂತ ಕಿರಿದು. ಕುಳ್ಳನಾದವನ ಪಾದ ಗೂಡಿನ ವಿಶಾಲವಾದ ಬಾಯಿಯಲ್ಲಿಯೇ ನಿಲ್ಲುತ್ತದೆ. ಆದಕಾರಣ ಒಂದೇ ಆಸನವನ್ನು ಐದಡಿಯವರು ಹೊಗಳುವುದೂ ಆರಡಿಯವರು ಶಪಿಸುವುದೂ ಎರಡೂ ಸತ್ಯವಾಗಿರುವ ಸಂಭವವುಂಟು.

ಇಷ್ಟನ್ನು ಗ್ರಹಿಸಿದ ಮೇಲೆ, ಟಿಕೆಟ್ ಕೊಳ್ಳುವಾಗ ತೋರಿಸುವ ಆಸನನಕ್ಷೆ ಹೊಸ ಅರ್ಥವನ್ನು ಪಡೆಯುತ್ತದೆ. ಪಲ್ಲಟಸಾಲಿನ ನಕ್ಷೆಯಲ್ಲಿ ಕಿಟಕಿಯ ಬದಿಯ ಆಸನಗಳು ಒಂದು ಸಾಲಿನಲ್ಲಿ ಗೋಡೆಗೆ ಅಂಟಿಕೊಂಡಂತೆಯೂ ಮುಂದಿನ ಸಾಲಿನಲ್ಲಿ ನಡೆದಾರಿಗೆ ಸರಿದಂತೆಯೂ ಕಾಣುತ್ತವೆ. ಗೋಡೆಗೆ ಅಂಟಿದ್ದರಲ್ಲಿ ಮೇಜು ನಡೆದಾರಿಯ ಕಡೆಗಿದ್ದು ಮರೆಯಾಗುತ್ತದೆ. ಸರಿದದ್ದರಲ್ಲಿ ತೋಳಿಗೆ ಆಚೀಚೆ ಹೋಗುವವರ ಪೆಟ್ಟಿಗೆ ತಗಲಬಹುದು. ನಡುಸಾಲಿನ ಜೋಡಿಗಳೂ ಹೀಗೆಯೇ: ಒಂದು ಸಾಲಿನಲ್ಲಿ ಒತ್ತಾಗಿ, ಇನ್ನೊಂದರಲ್ಲಿ ನಡುವೆ ಎರಡು ಮೇಜುಗಳನ್ನಿಟ್ಟುಕೊಂಡು ದೂರವಾಗಿ. ದಂಪತಿಗಳಿಗೆ ಮೊದಲನೆಯದು, ಅಪರಿಚಿತರಿಗೆ ಎರಡನೆಯದು. ಇದನ್ನು ಗಮನಿಸದೆ ಕೊಂಡರೆ ಫಲ ತದ್ವಿರುದ್ಧವಾಗುವುದುಂಟು. ಇತ್ತೀಚೆಗೆ ಆಸನಕ್ಕೊಂದು ಬಾಗಿಲನ್ನೂ ಇಡುತ್ತಿದ್ದಾರೆ. ಅದಕ್ಕೆ ಸಿಕ್ಕಿರುವ ಪ್ರಶಂಸೆ ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಬಾಗಿಲು ನೋಟವನ್ನು ತಡೆಯುತ್ತದೆ, ಪಾತ್ರೆಗಳ ಸದ್ದನ್ನು ತಡೆಯುವುದಿಲ್ಲ, ಪಾದಗೂಡನ್ನಂತೂ ಒಂದು ಅಂಗುಲ ಹಿಗ್ಗಿಸುವುದಿಲ್ಲ.

ಓರೆಗೊಂದು ಮಿತಿ

ಓರೆಯಾಗಿಸಿದಷ್ಟೂ ಜಾಗ ಉಳಿಯುವುದಾದರೆ ಇನ್ನೂ ಓರೆಯಾಗಿಸಬಾರದೇಕೆಂದು ಯಾರಾದರೂ ಕೇಳಬಹುದು. ವಿಮಾನ ಥಟ್ಟನೆ ನಿಂತಾಗ ದೇಹ ಮುಂದಕ್ಕೆ ಧಾವಿಸುತ್ತದೆ. ನೇರವಾಗಿ ಕುಳಿತವನು ಸೊಂಟದಲ್ಲಿ ಮಡಿಸಿಕೊಳ್ಳುತ್ತಾನೆ, ಓರೆಯಾಗಿ ಕುಳಿತವನ ಬೆನ್ನುಮೂಳೆ ಮತ್ತು ಕತ್ತು ಪಕ್ಕಕ್ಕೆ ತಿರುಚಿಕೊಳ್ಳುತ್ತವೆ. ಅಮೆರಿಕದ ನಿಯಮಗಳು ವಿಮಾನದ ನಡುಗೆರೆಯಿಂದ 18 ಡಿಗ್ರಿಗೂ ಮಿಗಿಲಾಗಿ ತಿರುಗಿದ ಆಸನಕ್ಕೆ ವಿಶೇಷ ರಕ್ಷಣೆಯನ್ನು ವಿಧಿಸಿವೆ. ಓರೆಸಾಲಿನ ಸೊಂಟಪಟ್ಟಿ ಕೆಲವೆಡೆ ದಪ್ಪವಾಗಿರುವುದಕ್ಕೆ ಅದರೊಳಗೆ ಗಾಳಿಚೀಲವನ್ನು ಮಡಿಸಿಟ್ಟಿರುವುದೇ ಕಾರಣ.

ಮೂತಿಯೆತ್ತಿ ಹಾರುವ ವಿಮಾನ

ಸಮತಲವೆಂದೆವು, ಯಾವುದಕ್ಕೆ ಸಮತಲ? ವಿಮಾನದ ನೆಲಕ್ಕೆ. ಆದರೆ ವಿಮಾನದ ನೆಲವೇ ಸಮತಲವಲ್ಲ. ರೆಕ್ಕೆಯು ಎದುರಿನ ಗಾಳಿಗೆ ತುಸು ಮೇಲ್ಮುಖವಾಗಿದ್ದರೆ ತಾನೆ ಅದನ್ನು ಕೆಳಕ್ಕೆ ತಳ್ಳಿ ತಾನು ಮೇಲುಳಿಯುವುದು? ಹೀಗಾಗಿ ದೊಡ್ಡ ವಿಮಾನಗಳು ನೆಮ್ಮದಿಯಾಗಿ ಹಾರುತ್ತಿರುವಾಗಲೂ ಮೂತಿಯನ್ನು ಎರಡು ಮೂರು ಡಿಗ್ರಿಗಳಷ್ಟು ಎತ್ತಿಯೇ ಇರುತ್ತವೆ. ಮುಂದಕ್ಕೆ ನಡೆಯುವಾಗ ಏರು ಹತ್ತಿದಂತಾಗುವುದೂ, ಊಟದ ಗಾಡಿಗೆ ಬ್ರೇಕ್ ಹಾಕದೆ ಪರಿಚಾರಕರು ಕೈಬಿಡದಿರುವುದೂ ಇದರಿಂದಲೇ.

ಪಾದಗಳು ಮೂತಿಯ ಕಡೆಗಿರುವ ಹಾಸಿಗೆಯಲ್ಲಿ, ವಿನ್ಯಾಸಕಾರನು ಈ ಓರೆಯನ್ನು ಎಣಿಕೆಗೆ ತಂದು ಹಾಸಿಗೆಯನ್ನು ಸರಿತೂಗಿಸಿರದಿದ್ದರೆ, ಆರೂವರೆ ಅಡಿಯ ಉದ್ದಕ್ಕೆ ಪಾದಗಳು ತಲೆಗಿಂತ ಮೂರು ಅಂಗುಲದಷ್ಟು ಮೇಲಕ್ಕೆ ಹೋಗುತ್ತವೆ. ಇಂಧನ ತುಂಬಿ ವಿಮಾನ ಭಾರವಾಗಿರುವಾಗ, ಅದೇ ವೇಗದಲ್ಲಿ ಅದೇ ಎತ್ತರದಲ್ಲಿ ಹಾರಲು ಮೂತಿಯನ್ನು ಇನ್ನಷ್ಟು ಎತ್ತಬೇಕಾಗುತ್ತದೆ. ಮೂಗು ಕಟ್ಟುವವರಿಗೆ, ಹೊಟ್ಟೆಯ ಹುಳಿ ಎದೆಗೆ ಏರುವವರಿಗೆ ಈ ಮೂರಂಗುಲ ಸಣ್ಣದಲ್ಲ. ಹೊದಿಕೆಯೊಂದನ್ನು ಮಡಿಸಿ ದಿಂಬಿನಡಿಗೆ ಇಟ್ಟರೆ ಲೆಕ್ಕ ಸರಿಹೋಗುತ್ತದೆ. ಕತಾರ್ ಏರ್‌ವೇಸ್ 2017ರಲ್ಲಿ ತಂದ ಕ್ಯೂಸ್ವೀಟ್‌ನಂಥ ಜೋಡಣೆಗಳಲ್ಲಿ ಒಂದು ಬಿಟ್ಟು ಒಂದು ಆಸನ ಬಾಲದ ಕಡೆಗೆ ಮುಖಮಾಡಿರುತ್ತದೆ. ಅಲ್ಲಿ ಮಲಗಿದವನ ತಲೆ ತಾನಾಗಿಯೇ ಮೇಲಾಗುತ್ತದೆ. ಹಿಂದುಮುಂದಾಗಿ ಕೂರಲು ಅಂಜುವವರು ಅಂಜುವುದು ಮೇಲೇರುವ ಕೆಲವು ನಿಮಿಷಗಳಿಗಾಗಿ. ನಿದ್ರೆಯ ಲೆಕ್ಕದಲ್ಲಿ ಅವರು ಕಳೆದುಕೊಳ್ಳುತ್ತಿರುವುದು ಒಳ್ಳೆಯ ಆಸನವನ್ನು.

ಕೋಣೆಯ ಯಾವ ಕಡೆ

ಇನ್ನು ಆಸನದ ಜಾಗ. ಮೋಡಗಳ ತುಯ್ತದಲ್ಲಿ ವಿಮಾನ ಮೂತಿಯನ್ನು ಮೇಲೆ ಕೆಳಗೆ ಆಡಿಸುವಾಗ ಅದು ರೆಕ್ಕೆಗಳ ಬಳಿಯಿರುವ ಭಾರಕೇಂದ್ರದ ಸುತ್ತ ತೂಗುತ್ತದೆ. ಅಲ್ಲಿಂದ ದೂರವಾದಷ್ಟೂ ಏರಿಳಿತ ಹೆಚ್ಚು. ಬಿಸಿನೆಸ್ ಕ್ಲಾಸು ಸಾಮಾನ್ಯವಾಗಿ ಮುಂಭಾಗದಲ್ಲಿರುವುದರಿಂದ ಅದರ ಹಿಂದಿನ ಸಾಲುಗಳು ಕಡಮೆ ತೂಗುತ್ತವೆ, ಎಂಜಿನ್ನಿಗೆ ಅಷ್ಟು ಹತ್ತಿರವೂ ಆಗುತ್ತವೆ. ಹಗುರ ನಿದ್ರೆಯವರು ಇವೆರಡನ್ನೂ ಬದಿಗಿಟ್ಟು ಅಡುಗೆಯ ಕಟ್ಟೆ ಮತ್ತು ಶೌಚಾಲಯ ಎಲ್ಲಿವೆಯೆಂಬುದನ್ನೇ ಮೊದಲು ನೋಡತಕ್ಕದ್ದು. ತೆರೆಯ ಸಂದಿಯಿಂದ ನಡುರಾತ್ರಿಯಲ್ಲಿ ಬೀಳುವ ಬೆಳಕು ಎಂಥ ಗಾಳಿಗಿಂತಲೂ ಕಠೋರವಾದುದು.

ವಿಮಾನವನ್ನೇ ಆರಿಸುವ ಅವಕಾಶವಿದ್ದರೆ, ಬೋಯಿಂಗ್ 787 ಅಥವಾ ಏರ್‌ಬಸ್ ಎ350 ಮೇಲು. ಇವುಗಳ ಒಳಗಿನ ಗಾಳಿಯ ಒತ್ತಡವು ಸುಮಾರು 6,000 ಅಡಿ ಎತ್ತರದ, ಎಂದರೆ ನಮ್ಮ ಮುಳ್ಳಯ್ಯನಗಿರಿಯ ಶಿಖರಕ್ಕಿಂತ ತುಸು ಕೆಳಗಿನ ಒತ್ತಡಕ್ಕೆ ಸಮ. ಹಳೆಯ ಮಾದರಿಗಳಲ್ಲಿ ಇದು 8,000 ಅಡಿಯವರೆಗೂ ಹೋಗಬಹುದು, ಅದು ಊಟಿಗಿಂತಲೂ ಎತ್ತರ.

ಮಕ್ಕಳನ್ನು ನೋಡಲು ಕ್ಯಾಲಿಫೋರ್ನಿಯಕ್ಕೆ ಹೋಗುವ ವಯೋವೃದ್ಧರಿಗೆ ಮಾತ್ರ ಈ ತರ್ಕವನ್ನೆಲ್ಲ ಸ್ವಲ್ಪ ತಿರುಗಿಸಬೇಕಾಗುತ್ತದೆ. ಮಂಡಿನೋವಿನವರಿಗೆ ಉದ್ದನೆಯ ಸುರಂಗದಂಥ ಗೂಡಿನಿಂದ ಕಾಲನ್ನು ಹೊರತೆಗೆಯುವುದೇ ಒಂದು ಸಾಹಸ. ರಾತ್ರಿ ಎರಡು ಮೂರು ಬಾರಿ ಏಳಬೇಕಾದವರಿಗೆ ಗೋಡೆಗೆ ಅಂಟಿದ ಏಕಾಂತಕ್ಕಿಂತ ನಡೆದಾರಿಗೆ ಸರಿದ ಆಸನವೂ, ತೀರ ಪಕ್ಕದಲ್ಲದಿದ್ದರೂ ಬಹು ದೂರವಲ್ಲದ ಶೌಚಾಲಯವೂ ಹೆಚ್ಚು ಉಪಕಾರಿ.

ಪಾದಗೂಡಿನ ವಿಚಾರದಲ್ಲಿ ಎಲ್ಲರಿಗೂ ಒಪ್ಪುವ ಸ್ಥಳವೊಂದು ಪಲ್ಲಟಸಾಲಿನ ಬಹುಪಾಲು ವಿಮಾನಗಳಲ್ಲಿರುತ್ತದೆ. ಕೋಣೆಯ ಮೊತ್ತಮೊದಲ ಸಾಲಿನ ಮುಂದೆ ಗೋಡೆ ಮಾತ್ರವಿದ್ದು, ಮೇಜಿನ ಅಡಿಯನ್ನು ಕಡ ಕೊಡಬೇಕಾದ ಮುಂದಿನ ಪ್ರಯಾಣಿಕನೇ ಇಲ್ಲದ್ದರಿಂದ, ಅಲ್ಲಿನ ಗೂಡು ಅಗಲವಾಗಿ, ಕೆಲವೊಮ್ಮೆ ಪೂರ್ತಿ ತೆರೆದ ಹಲಗೆಯಾಗಿಯೇ ಉಳಿದಿರುತ್ತದೆ. ಬಲ್ಲವರು ಇದನ್ನು ತಿಂಗಳುಗಳ ಮುಂಚೆಯೇ ಹಿಡಿದುಬಿಡುತ್ತಾರೆ. ಆದರೆ ಹಸುಗೂಸುಗಳ ತೊಟ್ಟಿಲನ್ನು ತಗುಲಿಹಾಕುವ ಕೊಂಡಿಗಳನ್ನೂ ಹಲವು ವಿಮಾನಗಳಲ್ಲಿ ಅದೇ ಗೋಡೆಗೆ ಜೋಡಿಸಿರುತ್ತಾರಾದ್ದರಿಂದ, ಆ ಸಾಲನ್ನು ಕಾದಿರಿಸುವ ಮುನ್ನ ನಕ್ಷೆಯಲ್ಲಿ ತೊಟ್ಟಿಲಿನ ಗುರುತು ಎಲ್ಲೆಲ್ಲಿದೆಯೆಂದು ಒಮ್ಮೆ ನೋಡಿಕೊಳ್ಳತಕ್ಕದ್ದು.